ಖಾದರ್ ಕೊರೆದ ಕಿಂಡಿಗಳು

ಅಬ್ದುಲ್ ಖಾದರನಿಗೆ ಮೊದಲ ಏಟು ಬಿದ್ದದ್ದು ಒಂದೇ ಒಂದು ತೂತಿನ ದೆಸೆಯಿಂದ. ದೊಡ್ಡಬಳ್ಳಾಪುರದ ಒಂದು ಮಗ್ಗದ ಕೊಟ್ಟಿಗೆಯಲ್ಲಿ ಅವನು ಜಕಾರ್ಡ್ ಮಗ್ಗಕ್ಕೆ ರಟ್ಟು ಕೊರೆಯುತ್ತಿದ್ದ. ಸೀರೆಯ ಸೆರಗಿನಲ್ಲಿ ನವಿಲು ಮೂಡಬೇಕಾದರೆ ಯಾವ ನೂಲು ಏಳಬೇಕು, ಯಾವುದು ತಗ್ಗಬೇಕು ಎಂದು ಮಗ್ಗಕ್ಕೆ ಹೇಳುವುದು ಆ ರಟ್ಟಿನ ತೂತುಗಳು. ೧೯೬೬ರಲ್ಲಿ ಒಂದು ತೂತು ಪಕ್ಕಕ್ಕೆ ಬಿತ್ತು. ನಲವತ್ತು ಸೀರೆಗಳಲ್ಲಿ ನವಿಲಿನ ಕತ್ತು ಮುರಿದುಕೊಂಡಿತು. ಯಜಮಾನ ಲಾಳಿ ಎತ್ತಿಕೊಂಡು ಖಾದರನ ಎಡಗಿವಿಗೆ ಬೀಸಿದ. ಲೋಹದ ಮೂತಿಯ ಲಾಳಿ. ರಕ್ತ ಅಂಗಿಯ ಒಳಗಿಳಿಯಿತು, ಆ ಕಿವಿ ಮತ್ತೆ ಕೇಳಲಿಲ್ಲ. ಸುತ್ತ ಇದ್ದ ಹನ್ನೆರಡು ಜನ ನೇಕಾರರಲ್ಲಿ ಒಬ್ಬನೂ ಮಗ್ಗ ನಿಲ್ಲಿಸಲಿಲ್ಲ. ಇದಕ್ಕೆ ನಮ್ಮ ಕಡೆ ಶಿಸ್ತು ಎಂದು ಹೆಸರು.

ಆ ಕೆಲಸ ಬಿಟ್ಟ ಮೇಲೆ ಅವನು ಕೂಲಿಗೆ ಕಾಗದ ಬರೆದುಕೊಟ್ಟು ಬದುಕಿದ. ಓದಿದ್ದು ನಾಲ್ಕನೇ ಇಯತ್ತೆ, ಅಕ್ಷರ ಮಾತ್ರ ಪೋಣಿಸಿಟ್ಟ ಹಾಗೆ. ಆ ಅಕ್ಷರ ನೋಡಿಯೇ ೧೯೭೦ರಲ್ಲಿ ಕಂದಾಯ ಇಲಾಖೆಯ ಶೇಕ್ದಾರ್ ಗಂಗಣ್ಣ ಅವನನ್ನು ಪಹಣಿ ಕ್ಯಾಂಪಿಗೆ ಕರೆದದ್ದು.

ಕ್ಯಾಂಪು ಕೊಂಡೇನಪಾಳ್ಯದ ಹಳೆಯ ಚಾವಡಿಯಲ್ಲಿ. ಕದ ತೆರೆದರೆ ಎದುರಿಗೆ ಮಾಕಳಿದುರ್ಗದ ಬೆಟ್ಟ. ಒಳಗೆ ಹನ್ನೊಂದು ಹಳ್ಳಿಗಳ ಜಮೀನಿನ ಪುಸ್ತಕಗಳು, ಶಾನುಭೋಗರು ಬರೆದಿಟ್ಟು ಹೋದವು, ಕೆಂಪು ಬಟ್ಟೆಯಲ್ಲಿ ಕಟ್ಟಿದ್ದವು. ಅವುಗಳಲ್ಲಿದ್ದದ್ದನ್ನೆಲ್ಲ ಸರ್ಕಾರದ ಹೊಸ ಪಹಣಿ ನಮೂನೆಗೆ ಸಾಗಿಸಬೇಕು. ಕೇಳಲು ಸುಲಭ. ಆದರೆ ಹಳೆಯ ಪುಸ್ತಕದಲ್ಲಿ ಒಂದು ಹಾಳೆಗೆ ಇಪ್ಪತ್ತೈದು ಜಮೀನು, ಒಂದರ ಕೆಳಗೊಂದು. ಹೊಸದರಲ್ಲಿ ಒಂದು ಸರ್ವೆ ನಂಬರಿಗೆ ಒಂದು ಹಾಳೆ. ಹಳೆಯದರಲ್ಲಿ ಎರಡನೇ ಕಲಮಿನಲ್ಲಿದ್ದದ್ದು ಹೊಸದರಲ್ಲಿ ಒಂಬತ್ತನೆಯದು, ಕೊನೆಯದು ಮೂರನೆಯದು. ದಿನಗೂಲಿಯ ಹತ್ತು ಬರಹಗಾರರು ಒಂದು ತಿಂಗಳು ಬರೆದದ್ದರಲ್ಲಿ ಅರ್ಧ ತಪ್ಪು. ವಿಸ್ತೀರ್ಣದ ಜಾಗದಲ್ಲಿ ಹೆಸರು, ಹೆಸರಿನ ಜಾಗದಲ್ಲಿ ಬಾವಿ. ಗಂಗಣ್ಣ ಒಬ್ಬನ ಬೆರಳಿನ ಗಂಟಿನ ಮೇಲೆ ರೂಲು ದೊಣ್ಣೆಯಿಂದ ಬಾರಿಸಿ, "ನಿಮ್ಮಪ್ಪನ ಮನೆ ಪುಸ್ತಕ ಏನ್ಲಾ ಇದು?" ಎಂದು ಕಿರುಚಿದ.

ಮಾರನೆಯ ದಿನ ಖಾದರ್ ಮನೆಯಿಂದ ಒಂದು ಪಟ್ಟಿ ರಟ್ಟು ತಂದ. ಹಳೆಯ ಪುಸ್ತಕದ ಅಗಲಕ್ಕೆ ಸರಿಯಾಗಿ ಕತ್ತರಿಸಿದ್ದು. ಎಲ್ಲೆಲ್ಲಿ ಬೇಕಾದ ಕಲಮು ಇದೆಯೋ ಅಲ್ಲೆಲ್ಲ ಒಂದೊಂದು ಕಿಂಡಿ ಕೊರೆದಿದ್ದ. ಕಿಂಡಿಯ ಎತ್ತರ ಒಂದು ಸಾಲು ಮಾತ್ರ. ಪ್ರತಿ ಕಿಂಡಿಯ ನೆತ್ತಿಯ ಮೇಲೆ ಹೊಸ ನಮೂನೆಯ ಕಲಮಿನ ನಂಬರು. ರಟ್ಟನ್ನು ಪುಸ್ತಕದ ಮೇಲಿಟ್ಟರೆ ಬೇಡದ್ದೆಲ್ಲ ಮುಚ್ಚಿಹೋಗಿ ಬೇಕಾದದ್ದು ಮಾತ್ರ ಇಣುಕುತ್ತದೆ. ಒಂಬತ್ತು ಎಂದಿರುವ ಕಿಂಡಿಯಲ್ಲಿ ಕಂಡದ್ದನ್ನು ಒಂಬತ್ತಕ್ಕೆ ಬರೆ, ಹನ್ನೆರಡರಲ್ಲಿ ಕಂಡದ್ದನ್ನು ಹನ್ನೆರಡಕ್ಕೆ. ಒಂದು ಸಾಲು ಮುಗಿಯಿತೋ, ರಟ್ಟನ್ನು ಕೆಳಕ್ಕೆ ಜಾರಿಸು. ಪುಸ್ತಕ ಅರ್ಥವಾಗಲೇಬೇಕೆಂದಿಲ್ಲ, ಅಕ್ಷರ ಗೊತ್ತಿದ್ದರೆ ಸಾಕು.

ದಿನಕ್ಕೆ ನಲವತ್ತು ಹಾಳೆ ಆಗುತ್ತಿದ್ದದ್ದು ಇನ್ನೂರೈವತ್ತಕ್ಕೆ ಏರಿತು. ಬೇರೆ ಕ್ಯಾಂಪಿನವರೂ ಬಂದು ಅಳತೆ ತೆಗೆದುಕೊಂಡು ಹೋದರು. ಅವನಿಗೆ ಕಿಂಡಿ ಖಾದರ್ ಎಂದೇ ಹೆಸರು ಬಿತ್ತು.

ಒಂದು ದಿನ ಮಾತ್ರ ಅವನು ಗಂಗಣ್ಣನ ಮೇಜಿನ ಮುಂದೆ ನಿಂತ.

"ಸಾರ್, ಹನ್ನೆರಡನೇ ಕಿಂಡಿ ಬಾಳಾ ಕಡೆ ಖಾಲಿ ಬರ್ತದೆ. ಉಳುಮೆ ಮಾಡೋರು ಯಾರು ಅನ್ನೋದು."

"ಖಾಲಿ ಇದ್ರೆ ಜಮೀನಿನ ಯಜಮಾನ್ನೇ ಉಳ್ತಾವ್ನೆ ಅಂತ. 'ಸ್ವಂತ' ಅಂತ ಜಡಿ."

"ಕೆಲವು ಕಡೆ ಒಂದು ಕೆಂಪು ಗೀಟಿನ ಚೂರು ಕಾಣ್ತದೆ ಸಾರ್."

"ಅದು ಪುಸ್ತಕದ ಗೀಟು ಕಣಯ್ಯಾ. ಗೀಟನ್ನೂ ನಕಲು ಮಾಡ್ತೀಯಾ? ಹಂಗಾದ್ರೆ ಜಿರಲೆ ಹಿಕ್ಕೇನೂ ನಕಲು ಮಾಡು!"

ಹತ್ತು ಜನರೂ ನಕ್ಕರು. ಖಾದರನೂ ನಕ್ಕ. ರಟ್ಟು ಎತ್ತಿ ಆ ಹಾಳೆಯನ್ನು ಪೂರ್ತಿ ನೋಡಲು ಅವನಿಗೆ ಎರಡು ನಿಮಿಷ ಸಾಕಿತ್ತು. ನೋಡಲಿಲ್ಲ. ಕಿವಿ ಹೋದ ಮೇಲೆ ಅವನು ಕಲಿತ ಪಾಠ ಯಜಮಾನನಿಗೆ ಎರಡನೇ ಸಲ ಪ್ರಶ್ನೆ ಹಾಕಬಾರದು ಎಂಬುದು. ಈ ದೇಶದ ಅರ್ಧ ಪಾಪ ಆ ಪಾಠದಿಂದ ಹುಟ್ಟಿದೆ.

ಐದು ವರ್ಷ ಕಳೆಯಿತು. ಉಳುವವನಿಗೇ ಭೂಮಿ ಎಂಬ ಕಾಯಿದೆ ಜಾರಿಯಾಗಿ, ಗೇಣಿದಾರರ ಅರ್ಜಿ ಕೇಳಲು ಭೂನ್ಯಾಯ ಮಂಡಳಿಗಳು ಕೂತವು. ಅಲ್ಲಿಯವರೆಗೆ ಯಾರೂ ಮೂಸದಿದ್ದ ಹನ್ನೆರಡನೇ ಕಲಮು ಈಗ ಜೀವ ಕೊಡುವ, ತೆಗೆಯುವ ಕಲಮಾಯಿತು. ಖಾದರ್ ಆ ಹೊತ್ತಿಗೆ ಗಂಗಣ್ಣನ ಕಚೇರಿಯಲ್ಲೇ ಹಂಗಾಮಿ ಗುಮಾಸ್ತ. ಆ ತಿಂಗಳೇ ಖಾಯಂ ಆಗುವುದಿತ್ತು.

ಒಂದು ಬೆಳಿಗ್ಗೆ ಜಗಲಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದವನ ಅಂಗಿಯ ಕೊರಳಪಟ್ಟಿ ಹಿಡಿದು ಯಾರೋ ಎತ್ತಿದರು. ಬೆನ್ನು ಗೋಡೆಗೆ ಬಡಿಯಿತು. ಲೋಟ ಉರುಳಿತು. ಎದುರಿಗೆ ಆಳೆತ್ತರದ ರೈತ, ತಲೆಗೆ ಸುತ್ತಿದ್ದ ಟವೆಲು ರಕ್ತದಲ್ಲಿ ನೆಂದು ಹಣೆಗೆ ಅಂಟಿಕೊಂಡಿತ್ತು.

"ನಮ್ಮಕ್ಕನ ಹೆಸ್ರು ಎಲ್ಲೋ ತಿಂದೆ? ಹೇಳು, ಎಲ್ಲಿ ತಿಂದೆ?"

ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ಖಾದರನ ಹೆಂಡತಿ ನೂರುನ್ನೀಸಾ ಈಳಿಗೆಮಣೆಯನ್ನೇ ಎತ್ತಿಕೊಂಡು ಬಂದಳು. "ಛೋಡ್ ಬೇ! ಬಿಡ್ತೀಯೋ, ಇಲ್ಲ ಈರುಳ್ಳಿ ಥರಾ ಹೆಚ್ಲೋ?"

ಅವನು ಬಿಟ್ಟ. ಬಿಟ್ಟವನೇ ಜಗಲಿಯ ಮೇಲೆ ಕುಸಿದು ಹೋ ಎಂದು ಅತ್ತ. ನೂರುನ್ನೀಸಾ ಈಳಿಗೆಮಣೆ ಪಕ್ಕಕ್ಕಿಟ್ಟು ನೀರು ತಂದುಕೊಟ್ಟಳು.

ಅವನು ಕೊಂಡೇನಪಾಳ್ಯದ ಬೈರಣ್ಣ. ಅವನ ಅಕ್ಕ ಮುತ್ಯಾಲಮ್ಮ, ಗಂಡ ಸತ್ತ ಮೇಲೆ ತಮ್ಮನನ್ನು ಕಟ್ಟಿಕೊಂಡು ಪಟೇಲ್ ವೆಂಕಟರಮಣಪ್ಪನ ಏಳು ತುಂಡು ಜಮೀನನ್ನು ಇಪ್ಪತ್ತೆರಡು ವರ್ಷದಿಂದ ಗೇಣಿಗೆ ಉಳುತ್ತಿದ್ದಳು. ಅರ್ಜಿ ಹಾಕಿದಾಗ ತೆಗೆಸಿದ ಪಹಣಿಯಲ್ಲಿ ಒಂದಕ್ಕೆ ಮಾತ್ರ ಅವಳ ಹೆಸರಿತ್ತು. ಮಿಕ್ಕ ಆರಕ್ಕೂ ಒಂದೇ ಮಾತು, ಸ್ವಂತ. ಈ ಸುದ್ದಿ ಕಿವಿಗೆ ಬಿದ್ದ ಮರುದಿನವೇ ಪಟೇಲ ನಾಲ್ಕು ನೇಗಿಲು, ಎಂಟು ಆಳು ಕರೆದುಕೊಂಡು ಬಂದು ತೆನೆ ಕಟ್ಟಿದ್ದ ರಾಗಿಯ ಮೇಲೆ ಉಳುಮೆ ಹೊಡೆಸಿದ. ಎತ್ತುಗಳ ಮುಂದೆ ಅಡ್ಡ ಮಲಗಿದ ಮುತ್ಯಾಲಮ್ಮನನ್ನು ಕೂದಲು ಹಿಡಿದು ಎಳೆದು ಬದುವಿಗೆ ಎಸೆದರು. ಎಡಗೈ ಮುರಿಯಿತು. ಬಿಡಿಸಲು ಹೋದ ಬೈರಣ್ಣನ ತಲೆಗೆ ನೇಗಿಲ ಮೇಣಿಯಿಂದ ಏಟು ಬಿತ್ತು.

"ಪಹಣಿ ಅಡೀಲಿ ನಕಲು ಬರ್ದೋನು ಅಂತ ನಿನ್ ರುಜು ಐತೆ," ಎಂದ ಬೈರಣ್ಣ. "ಪಟೇಲನ್ನ ಆಮ್ಯಾಕೆ ನೋಡ್ಕಂತೀನಿ. ಮೊದ್ಲು ನೀನು ಹೇಳು."

ಖಾದರ್ ಅಂಗಿ ಬದಲಿಸಲಿಲ್ಲ. ಹಾಗೇ ಅವನ ಜೊತೆ ಬಸ್ಸು ಹತ್ತಿದ.

ಚಾವಡಿಯಲ್ಲಿ ಹಳೆಯ ಪುಸ್ತಕಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಖಾದರ್ ಕೊಂಡೇನಪಾಳ್ಯದ ಪುಸ್ತಕ ಹುಡುಕಿ, ಆ ಹಾಳೆ ಬಿಚ್ಚಿದ. ಈ ಸಲ ಅದರ ಮೇಲೆ ರಟ್ಟು ಇರಲಿಲ್ಲ. ಐದು ವರ್ಷದಲ್ಲಿ ಮೊದಲ ಸಲ ಅವನು ಪೂರ್ತಿ ಹಾಳೆ ನೋಡಿದ.

ಮೂವತ್ತನೇ ನಂಬರಿನ ಎದುರು ದುಂಡಗೆ 'ಮುತ್ಯಾಲಮ್ಮ' ಎಂದಿತ್ತು. ಆ ಹೆಸರಿನ ಬುಡದಿಂದ ಒಂದು ಕೆಂಪು ಗೀಟು ಹೊರಟು ಮೂವತ್ತೊಂದು, ಮೂವತ್ತೆರಡು ಎಂದು ಆರು ಸಾಲು ದಾಟಿ ಮೂವತ್ತಾರಕ್ಕೆ ಬಂದು ಕೊಕ್ಕೆ ಹಾಕಿ ನಿಂತಿತ್ತು. ಅಷ್ಟಕ್ಕೂ ಇವಳೇ ಎಂದು. ಆ ಶಾನುಭೋಗರ ಕೈಪದ್ಧತಿ ಅದು. ಒಬ್ಬನೇ ಗೇಣಿದಾರ ಸಾಲಾಗಿ ಉಳುತ್ತಿದ್ದರೆ ಹೆಸರು ಒಂದು ಸಲ ಬರೆದು, ಗೀಟು ಎಳೆದುಬಿಡುವುದು. ಹಳ್ಳಿಯವರೆಲ್ಲ ಬಲ್ಲ ರೂಢಿ. ಒಂದು ಸಾಲಿನ ಕಿಂಡಿಯಲ್ಲಿ ಆ ಗೀಟು ಹೇಗೆ ಕಾಣಬೇಕು? ಚೂರು ಕೆಂಪು. ಅದೂ ಪುಸ್ತಕದ ಗೀಟಂತೆ.

ಖಾದರ್ ಪುಟ ತಿರುಗಿಸಿದ, ಗೀಟು. ಇನ್ನೊಂದು ಪುಟ, ಎರಡು ಗೀಟು. ಹನ್ನೊಂದು ಹಳ್ಳಿಗೂ ಅದೇ ಶಾನುಭೋಗರು, ಅದೇ ಕೆಂಪು ಮಸಿ.

"ಹೆಸ್ರು ಇಲ್ಲೇ ಅದೆ ಅಕ್ಕಾ," ಎಂದ, ಬಾಗಿಲ ಬಳಿ ಬಿದಿರು ದಬ್ಬೆ ಕಟ್ಟಿದ ಕೈ ಎದೆಗೆ ಒತ್ತಿಕೊಂಡು ನಿಂತಿದ್ದ ಮುತ್ಯಾಲಮ್ಮನಿಗೆ. "ನಾನೇ ಮುಚ್ಚಿದ್ದು."

"ಮುಚ್ಚಿದೋನೇ ತೆಗಿ," ಎಂದಳು.

ಬೇಕಂತಲೇ ಮಾಡಿದರೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸಂಚು ಮಾಡುವಷ್ಟು ಶ್ರದ್ಧೆ ನಮ್ಮ ಕಚೇರಿಗಳಿಗೆ ಇದ್ದಿದ್ದರೆ ಈ ಕಥೆಯೇ ಬೇರೆ ಆಗುತ್ತಿತ್ತು. ಅದು ಸೋಮಾರಿತನ. ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡದ್ದು ಮಾತ್ರ ಸೋಮಾರಿತನವಲ್ಲ.

ಗಂಗಣ್ಣನಿಗೆ ಹೇಳಿದಾಗ ಅವನು ಮೊದಲು ಎದ್ದುಹೋಗಿ ಕದ ಹಾಕಿದ.

"ಯಾರಿಗ್ ಹೇಳ್ದೆ?"

"ಕಚೇರೀಲಿ ಇನ್ನೂ ಯಾರಿಗೂ ಇಲ್ಲ ಸಾರ್. ಆರುನೂರು ಸರ್ವೆ ನಂಬರ್ ಮೇಲಾಗ್ತದೆ. ನಾನು ತಾಳೆ ಪಟ್ಟಿ ಮಾಡಿಕೊಡ್ತೀನಿ. ಹಳೇದ್ರಲ್ಲಿ ಏನಿತ್ತು, ಹೊಸದ್ರಲ್ಲಿ ಏನಾಯ್ತು, ಪಕ್ಕಪಕ್ಕ."

"ಲೇ ಖಾದರ್, ಆರ್ಡರ್ ಟೈಪಾಗಿ ಕೂತೈತೆ. ಒಂದು ರುಜು ಬಿದ್ರೆ ನೀನು ಖಾಯಂ. ಈ ಹಳೇ ಪುಸ್ತಕ ಎಲ್ಲಾ ಮುಂದಿನ ವಾರ ಗುಜರಿಗೆ ಹೋಗ್ತವೆ. ಹೋಗ್ಲಿ ಬಿಡು. ನಿಂದೇ ತಪ್ಪು ಅಂತ ನೀನೇ ಡಂಗೂರ ಹೊಡ್ಕೊಳ್ಳೋಕೆ ಹುಚ್ಚೇನಯ್ಯಾ?"

ಖಾದರ್ ರಜೆ ಚೀಟಿ ಬರೆದಿಟ್ಟು ಬಂದ. ಮುತ್ಯಾಲಮ್ಮನ ವಿಚಾರಣೆಗೆ ನಾಲ್ಕು ದಿನ ಉಳಿದಿತ್ತು. ಹೊಸದೊಂದು ರಟ್ಟು ಕತ್ತರಿಸಿದ. ಇದರಲ್ಲಿ ಎರಡೇ ಕಿಂಡಿ. ಒಂದು ಸರ್ವೆ ನಂಬರಿಗೆ, ಇನ್ನೊಂದು ಉಳುಮೆಯವರ ಹೆಸರಿಗೆ. ಎರಡೂ ಹಾಳೆಯ ನೆತ್ತಿಯಿಂದ ಬುಡದವರೆಗೆ ಸೀಳಿದ್ದು. ಗೀಟು ಎಲ್ಲಿ ಹುಟ್ಟಿತು, ಎಲ್ಲಿ ನಿಂತಿತು ಎಂಬುದು ಒಂದೇ ನೋಟಕ್ಕೆ ಕಾಣುತ್ತಿತ್ತು. ಎರಡು ಹಗಲು ಚಾವಡಿಯಲ್ಲಿ ಕೂತು ಪಟ್ಟಿ ಬರೆದ. ನೂರುನ್ನೀಸಾ ಬುತ್ತಿ ಕಟ್ಟಿಕೊಡುವಾಗ, "ಕೈಕು ಜೀ? ನೌಕರಿ ನಕ್ಕೊ ಕ್ಯಾ?" ಎಂದಳು, ಯಾಕೆ ಇದೆಲ್ಲ, ನೌಕರಿ ಬೇಡವೇ ಎಂದು. ಕೇಳುತ್ತಲೇ ಇನ್ನೆರಡು ರೊಟ್ಟಿ ಹೆಚ್ಚಿಗೆ ಇಟ್ಟಳು.

ಎರಡನೇ ಹಗಲು ಬಿಸಿಲು ನೆತ್ತಿಗೇರುವ ಹೊತ್ತಿಗೆ ಮುತ್ಯಾಲಮ್ಮ ಬೆರಣಿಯ ಕುಕ್ಕೆ ಹೊತ್ತು ಓಡಿ ಬಂದಳು.

"ಪಟೇಲ ಬತ್ತಾವ್ನೆ ಸಾಬ್ರೆ, ಆರು ಜನ ಅವ್ರೆ. ಕೊಡಿ ಇಲ್ಲಿ."

ಕೊಂಡೇನಪಾಳ್ಯದ ಪುಸ್ತಕವೂ ಹಳೆಯ, ಹೊಸ ರಟ್ಟುಗಳೂ ಬರೆದಷ್ಟು ಪಟ್ಟಿಯೂ ಕುಕ್ಕೆಯ ತಳ ಸೇರಿದವು. ಮೇಲೆ ಬೆರಣಿ ಜೋಡಿಸಿ, ಒಂದೇ ಕೈಯಲ್ಲಿ ತಲೆಗೇರಿಸಿಕೊಂಡು, ಎದುರಿಗೆ ಬರುತ್ತಿದ್ದ ಆರು ಜನರ ನಡುವೆಯೇ ಅವಳು ನಡೆದುಹೋದಳು. ಬೆರಣಿ ಹೊತ್ತ ಹೆಂಗಸನ್ನು ಯಾರು ನೋಡುತ್ತಾರೆ?

ಪಟೇಲ ವೆಂಕಟರಮಣಪ್ಪ ಬಿಳಿ ಪಂಚೆ ಎತ್ತಿ ಹಿಡಿದು ಹೊಸ್ತಿಲು ದಾಟಿದ.

"ಏನ್ಲಾ ಸಾಬಿ, ನಮ್ಮೂರಲ್ಲಿ ಭಾರಿ ಬರೀತಾ ಇದೀಯಂತೆ? ಪುಸ್ತಕ ಎಲ್ಲಿ?"

"ಗೊತ್ತಿಲ್ಲ ಸ್ವಾಮಿ."

ಹೊಟ್ಟೆಗೆ ಒದೆ ಬಿತ್ತು. ಬಿದ್ದವನ ಪಕ್ಕೆಗೆ, ಬೆನ್ನಿಗೆ, ಮುಖಕ್ಕೆ ಬಿತ್ತು. ಒಂದು ಹಲ್ಲು ನೆಲದ ಮೇಲೆ ಉರುಳಿತು. ಇಬ್ಬರು ಮಿಕ್ಕ ಪುಸ್ತಕಗಳನ್ನು ಅಂಗಳಕ್ಕೆ ಎಳೆದು ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು. ಹತ್ತು ಹಳ್ಳಿಯ ಗೀಟುಗಳು ಕಣ್ಣೆದುರಿಗೆ ಹೊತ್ತಿ ಉರಿದವು. ಖಾದರ್ ತೆವಳಿಕೊಂಡು ಬೆಂಕಿಯ ಕಡೆ ಹೋದಾಗ ಪಟೇಲ ನಕ್ಕ.

"ಯಾವ ಕೈಯಪ್ಪಾ ಬರೆಯೋದು?"

ಖಾದರ್ ಎಡಗೈ ತೋರಿಸಿದ. ಬೆರಳಿಗಂಟಿದ ಮಸಿ ಬಲಗೈಯಲ್ಲಿತ್ತು. ಅದನ್ನೇ ಎಳೆದು ಕದದ ಸಂದಿಗೆ ಇಟ್ಟರು. ಚಾವಡಿಯ ಕದ ಹಲಸಿನ ಮರದ್ದು, ಎರಡಾಳು ತಳ್ಳುವಂಥದ್ದು. ಎರಡಾಳೇ ತಳ್ಳಿದರು. ಒಂದು ಸಲ ಸಾಲದೆಂದು ತೆರೆದು ಮತ್ತೊಂದು ಸಲ ತಳ್ಳಿದರು. ಕೇಳಿದ ಸದ್ದು ಹಸಿ ಕಬ್ಬು ಮುರಿದ ಹಾಗಿತ್ತು. ಬೀದಿಯಲ್ಲಿ ನಿಂತಿದ್ದ ಮೂವತ್ತು ಜನ ಅದನ್ನು ಕೇಳಿದರು, ಕೇಳಿ ಮನೆಗೆ ಹೋದರು.

ಕೈಗೆ ಬಟ್ಟೆ ಸುತ್ತಿಕೊಂಡು ಮುತ್ಯಾಲಮ್ಮನ ಮನೆಯಲ್ಲೇ ಬಿದ್ದಿದ್ದ ಖಾದರ್, ಅಕ್ಕ, ತಮ್ಮ, ವಿಚಾರಣೆಯ ದಿನ ಬೆಳಿಗ್ಗೆ ಮೂವರೂ ಹೊರಟರು. ಬಸ್ಸಿನ ರಸ್ತೆಗೆ ಹೋಗಬೇಕಾದರೆ ಮುತ್ಯಾಲಮ್ಮನ ಹೊಲವನ್ನೇ ದಾಟಬೇಕು. ಅರ್ಧ ದಾಟುವಷ್ಟರಲ್ಲಿ ಹಿಂದಿನಿಂದ ಪಟೇಲನ ಎಂಟು ಆಳುಗಳು ದೊಣ್ಣೆ, ಕೊಡಲಿ ಹಿಡಿದು ಬರುವುದು ಕಂಡಿತು. ಬೈರಣ್ಣ ಸೊಂಟದಿಂದ ಮಚ್ಚು ತೆಗೆದ.

"ಅಕ್ಕಾ, ನೀನು ನಡಿ."

"ಬ್ಯಾಡ ಕಣ್ಲಾ, ನೀನೂ ಬಾ, ಓಡನ."

"ಮೂರು ಜನ ಓಡಿದ್ರೆ ಮೂರು ಜನಾನೂ ಸಿಗ್ತೀವಿ. ಸಾಬ್ರೆ, ಕರ್ಕಂಡು ಹೋಗಿ. ಅವತ್ತು ಕೊರಳಪಟ್ಟಿ ಹಿಡ್ದೆ, ಮನಸಿಗೆ ಹಾಕ್ಕೋಬ್ಯಾಡಿ."

ಅವನು ಬದುವಿನ ಮೇಲೆ ಕಾಲು ಅಗಲಿಸಿ ನಿಂತ. ಇವರು ಓಡಿದರು. ಬಸ್ಸು ಹತ್ತುವಾಗ ಕೂಗು ಕೇಳಿಸಿತು. ಮುತ್ಯಾಲಮ್ಮ ಇಳಿಯಲು ಹೊರಟಳು. ಖಾದರ್ ಎಡಗೈಯಿಂದ ಅವಳ ರಟ್ಟೆ ಹಿಡಿದ, ಅವಳು ಕಚ್ಚಿದಳು, ಅವನು ಬಿಡಲಿಲ್ಲ.

ಮಂಡಳಿಯ ಮುಂದೆ ಪಟೇಲ ಆಗಲೇ ಇಸ್ತ್ರಿಯ ಅಂಗಿ ತೊಟ್ಟು ಬಂದು ಕೂತಿದ್ದ. ಅಲ್ಲಿ ವಕೀಲರಿಗೆ ಜಾಗವಿರಲಿಲ್ಲ, ಅವರವರ ಮಾತು ಅವರವರೇ ಆಡಬೇಕು. ಖಾದರ್ ಬೆರಣಿಯ ಪುಡಿ ಮೆತ್ತಿದ ಪುಸ್ತಕವನ್ನು ಮೇಜಿನ ಮೇಲಿಟ್ಟ.

"ಸರ್ಕಾರಿ ಪುಸ್ತಕ ನಿನ್ನ ಹತ್ರ ಹೇಗೆ ಬಂತು?" ಎಂದರು ಅಧ್ಯಕ್ಷರು.

"ಕದ್ದೆ ಸ್ವಾಮಿ."

ಹೇಳಬೇಕಾದದ್ದನ್ನು ಅವನು ಹೇಳಲಿಲ್ಲ, ತೋರಿಸಿದ. ಮೊದಲು ಒಂದು ಸಾಲಿನ ಹಳೆಯ ರಟ್ಟು ಇಟ್ಟ. ಮೂವತ್ತೊಂದು ಖಾಲಿ. ಮೂವತ್ತೆರಡು ಖಾಲಿ. ಆಮೇಲೆ ಅದನ್ನು ಎತ್ತಿ ಉದ್ದ ಕಿಂಡಿಯ ರಟ್ಟು ಇಟ್ಟ. ಅಧ್ಯಕ್ಷರು ಗೀಟಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಎಳೆದುಕೊಂಡು ಬಂದರು. ಎರಡು ಸಲ ಎಳೆದರು.

"ಈ ಮೊದಲ್ನೇ ರಟ್ಟು ಮಾಡಿದ್ದು ಯಾರು?"

"ನಾನೇ."

"ನೌಕರಿ ಹೋಗ್ತದೆ, ಕೇಸೂ ಆಗ್ತದೆ. ಗೊತ್ತಾ?"

"ಗೊತ್ತು ಸ್ವಾಮಿ. ಪಟ್ಟಿ ಇನ್ನೂ ಇದೆ. ಬೇರೆ ಊರಿನವ್ರದ್ದೂ..."

"ಅರ್ಜಿ ಮುಂದಿರೋದು ಈಕೇದು. ಬೇರೆಯವರು ಅವರವರೇ ಬರ್ಲಿ."

ಬರುವುದೆಲ್ಲಿಂದ? ಅವರ ಪುಸ್ತಕ ಚಾವಡಿಯ ಅಂಗಳದಲ್ಲಿ ಬೂದಿಯಾಗಿತ್ತು. ಅವರ ಹೆಸರು ಉಳಿದಿದ್ದರೆ ಖಾದರನ ಅರ್ಧ ಪಟ್ಟಿಯಲ್ಲಿ. ಆರು ನಂಬರಿಗೂ ಸಾಗುವಳಿ ಮುತ್ಯಾಲಮ್ಮನದೇ ಎಂದು ಅಧ್ಯಕ್ಷರ ರುಜು ಬಿದ್ದ ಚೀಟಿ ಹಿಡಿದು ಇಬ್ಬರೂ ವಾಪಸು ಬಸ್ಸು ಹತ್ತಿದರು.

ಹೊಲದ ಬದುವಿನಲ್ಲಿ ಜನ ಕವಿದಿದ್ದರು. ಪಟೇಲನ ನೇಗಿಲು ಉತ್ತು ಹಾಳು ಮಾಡಿದ್ದ ರಾಗಿಯ ನಡುವೆ ಬೈರಣ್ಣ ಅಂಗಾತ ಬಿದ್ದಿದ್ದ. ಕತ್ತಿನಲ್ಲಿ ಒಂದು ಕೊಡಲಿ ಏಟು, ಹೊಟ್ಟೆಯಲ್ಲಿ ಎರಡು. ಮಚ್ಚು ಕೈಯಲ್ಲೇ ಇತ್ತು. ನೊಣ ಮುತ್ತಿದ್ದವು. ಮುತ್ಯಾಲಮ್ಮ ಬಗ್ಗಿ, ಒಂದೇ ಕೈಯಿಂದ ನೊಣ ಓಡಿಸುತ್ತಾ ನಿಂತಳು.

ಹೆಡ್ ಕಾನ್‌ಸ್ಟೇಬಲ್ಲು ಕಲ್ಲಿನ ಮೇಲೆ ಕೂತು ಪಂಚನಾಮೆ ಬರೆಯುತ್ತಿದ್ದ. ಮೊಣಕಾಲ ಮೇಲೆ ಪಹಣಿಯ ನಕಲು. ಬರೆದದ್ದನ್ನು ಪಂಚರಿಗೆ ಓದಿ ಹೇಳುತ್ತಿದ್ದ: "ಸರ್ವೆ ನಂಬರ್ ಮೂವತ್ತೊಂದು, ಪಟೇಲ್ ವೆಂಕಟರಮಣಪ್ಪನವರ ಸ್ವಂತ ಸಾಗುವಳಿ ಜಮೀನಿಗೆ ಮೃತ ಬೈರಣ್ಣ ಎಂಬಾತ ಮಚ್ಚು ಹಿಡಿದು ಅಕ್ರಮವಾಗಿ ನುಗ್ಗಿ..."

ಖಾದರ್ ಮುಂದೆ ಹೋಗಿ ಪಹಣಿಯ ಮೇಲೆ ಬಟ್ಟೆ ಸುತ್ತಿದ ಬಲಗೈ ಇಟ್ಟ. ರಕ್ತ ಕಾಗದಕ್ಕೆ ಹತ್ತಿತು.

"ಹೊಡೀರಿ ಗೀಟು ಅದಕ್ಕೆ."

"ಯಾರಯ್ಯಾ ನೀನು? ತೆಗಿ ಕೈನ!"

"ಆ ಪಹಣಿ ಬರ್ದೋನು. ಅದು ಸುಳ್ಳು. ಇದು ನೋಡಿ, ಇವತ್ತಿನ ಚೀಟಿ, ಅಧ್ಯಕ್ಷರ ರುಜು. ಸಾಗುವಳಿ ಮುತ್ಯಾಲಮ್ಮಂದು. ಬರ್ಕೊಳ್ಳಿ."

ಕಾನ್‌ಸ್ಟೇಬಲ್ಲು ಚೀಟಿ ಓದಿ ಸುತ್ತ ನೋಡಿದ. ಪಟೇಲನ ಆಳುಗಳು ಮರದ ನೆರಳಿನಲ್ಲಿ ಬೀಡಿ ಸೇದುತ್ತಿದ್ದರು. ಈ ಸಲ ಜನ ಮನೆಗೆ ಹೋಗಿರಲಿಲ್ಲ. ಒಬ್ಬ ಮುದುಕಿ ನೆಲದಿಂದ ಮಣ್ಣಹೆಂಟೆ ಎತ್ತಿಕೊಂಡಳು. ಅವಳ ಪಕ್ಕದವನು ಕಲ್ಲು ಎತ್ತಿಕೊಂಡ. ಕಾನ್‌ಸ್ಟೇಬಲ್ಲು ಪೆನ್ನಿನ ಕ್ಯಾಪು ತೆಗೆದು ಆ ಸಾಲು ಹೊಡೆದುಹಾಕಿ ಮತ್ತೆ ಬರೆದ.

"ಓದು," ಎಂದಳು ಮುತ್ಯಾಲಮ್ಮ.

"ಮುತ್ಯಾಲಮ್ಮ ಎಂಬುವರ ಸಾಗುವಳಿಯ ಜಮೀನಿನಲ್ಲಿ, ಆಕೆಯ ತಮ್ಮ ಬೈರಣ್ಣ..."

"ನುಗ್ಗಿ ಬಂದೋರು ಯಾರು? ಅವ್ರ ಹೆಸ್ರೂ ಬರಿ. ಎಂಟು ಜನ. ಒಂದು ಹೆಸ್ರು ಬರ್ದು ಬಿಟ್ಬಿಡ್ಬ್ಯಾಡ. ಎಂಟೂ ಹೇಳ್ತೀನಿ, ಒಂದೊಂದೇ ಬರಿ."

ಅವಳು ಮರದ ನೆರಳಿನ ಕಡೆ ತಿರುಗಿ, ಒಬ್ಬೊಬ್ಬನಿಗೂ ಕೈ ತೋರಿಸುತ್ತಾ, ಹೆಸರು ಹೇಳಲು ಶುರು ಮಾಡಿದಳು.